ಬಿತ್ತನೆ ಆಲೂಗೆಡ್ಡೆ: ಕಣ್ಣಿಗೆ ಕಾಣುವ ಗುಣ, ಕಾಣದ ಗುಣ

ಆಲೂಗೆಡ್ಡೆ ಬೆಳೆಗಾರರು ಒಂದು ಎಕರೆಗೆ ಹಾಕುವ ಬಂಡವಾಳದಲ್ಲಿ ಅತಿ ದೊಡ್ಡ ಪಾಲು ಬಿತ್ತನೆ ಗೆಡ್ಡೆಗೇ ಹೋಗುತ್ತದೆ. ಗೊಬ್ಬರ ಸಾಲದೆ ಹೋದರೆ ಮೇಲುಗೊಬ್ಬರ ಕೊಡಬಹುದು. ಕಳೆ ಹೆಚ್ಚಾದರೆ ಆಳು ಕರೆದು ಕೀಳಿಸಬಹುದು. ರೋಗ ಬಿದ್ದರೆ ಔಷಧಿ ಸಿಂಪಡಿಸಬಹುದು. ಆದರೆ ಬಿತ್ತನೆ ಗೆಡ್ಡೆಯೇ ಕೆಟ್ಟದ್ದಾಗಿದ್ದರೆ, ಅದನ್ನು ಮಣ್ಣಿನಲ್ಲಿ ಮುಚ್ಚಿದ ಮೇಲೆ ಮಾಡುವಂಥದ್ದು ಹೆಚ್ಚೇನೂ ಉಳಿಯುವುದಿಲ್ಲ. ಆದ್ದರಿಂದ ಈ ಬೆಳೆಯ ಅರ್ಧ ಭವಿಷ್ಯ ಮೂಟೆ ಕೊಳ್ಳುವ ದಿನವೇ ನಿರ್ಧಾರವಾಗುತ್ತದೆ ಎಂದರೆ ತಪ್ಪಲ್ಲ.

ಹಾಸನ ಜಿಲ್ಲೆಯಲ್ಲಿ ಮುಂಗಾರಿನ ಆಲೂಗೆಡ್ಡೆಗೆ ಬೇಕಾದ ಬೀಜದ ಬಹುಪಾಲು ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತದೆ. ಕೃತ್ತಿಕೆ ಮಳೆ ಹದವಾಗಿ ಬಿದ್ದೊಡನೆ ಎಲ್ಲರಿಗೂ ಒಟ್ಟಿಗೆ ಬೀಜ ಬೇಕು. ಆ ಅವಸರದಲ್ಲಿ ಮೂಟೆಯ ಬಾಯಿ ಬಿಚ್ಚಿ, ಮೇಲಿನ ನಾಲ್ಕು ಗೆಡ್ಡೆ ಹಿಸುಕಿ ನೋಡಿ, ದರ ಚೌಕಾಸಿ ಮಾಡಿ ಮನೆಗೆ ತರುವುದು ರೂಢಿಯಾಗಿದೆ. ಗೆಡ್ಡೆ ಗಟ್ಟಿಯಾಗಿದೆಯೇ, ಸಿಪ್ಪೆ ನಯವಾಗಿದೆಯೇ ಎಂದು ನೋಡುವುದು ಒಳ್ಳೆಯದೇ. ಆದರೆ ಅದು ಅರ್ಧ ಪರೀಕ್ಷೆ ಮಾತ್ರ. ಬಿತ್ತನೆ ಗೆಡ್ಡೆಗೆ ಎರಡು ಬಗೆಯ ಗುಣಗಳಿವೆ. ಒಂದು ಗೆಡ್ಡೆಯ ಮೇಲೆ ಕಾಣುವಂಥದ್ದು. ಅದನ್ನು ನೀವೇ ಎಣಿಸಿ ತಿಳಿಯಬಹುದು. ಇನ್ನೊಂದು ಆ ಗೆಡ್ಡೆ ಬೆಳೆದ ಹೊಲದಲ್ಲಿ ಮಾತ್ರ ಕಂಡಿರುವಂಥದ್ದು. ಅದನ್ನು ದಾಖಲೆಯಿಂದ ಮಾತ್ರ ತಿಳಿಯಬಹುದು. ಈ ಎರಡನ್ನೂ ಬೇರೆ ಬೇರೆಯಾಗಿ ಪರಿಶೀಲಿಸುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಗೆಡ್ಡೆ ಬೀಜವಲ್ಲ, ಕಾಂಡ

ರಾಗಿ, ಜೋಳ, ಅವರೆ ಮುಂತಾದವುಗಳಲ್ಲಿ ನಾವು ಬಿತ್ತುವುದು ನಿಜವಾದ ಬೀಜ. ಹೂವು ಫಲಿಸಿ ಹುಟ್ಟಿದ ಹೊಸ ಜೀವ ಅದು. ತಾಯಿಗಿಡಕ್ಕೆ ತಗುಲಿದ ನಂಜುರೋಗಗಳಲ್ಲಿ ಹೆಚ್ಚಿನವು ಅಂಥ ಬೀಜದೊಳಕ್ಕೆ ಸೇರುವುದಿಲ್ಲ. ಆಲೂಗೆಡ್ಡೆ ಹಾಗಲ್ಲ. ನಾವು ನೆಡುವುದು ಮಣ್ಣಿನೊಳಗೆ ಊದಿಕೊಂಡ ಕಾಂಡ. ಅದರ ಮೇಲಿನ ಕಣ್ಣುಗಳೆಲ್ಲ ಮೊಗ್ಗುಗಳು. ತಾಯಿಗಿಡದ ದೇಹದ ಒಂದು ತುಂಡನ್ನೇ ನಾವು ಮುಂದಿನ ವರ್ಷ ಮತ್ತೆ ಬೆಳೆಸುತ್ತೇವೆ. ತಾಯಿಯ ಒಳ್ಳೆಯ ಗುಣಗಳು ಅದರಲ್ಲಿ ಹಾಗೆಯೇ ಬರುತ್ತವೆ. ಅವುಗಳ ಜೊತೆಗೆ ತಾಯಿಗೆ ಅಂಟಿದ್ದ ನಂಜು, ದುಂಡಾಣು, ಶಿಲೀಂಧ್ರಗಳೂ ಬರುತ್ತವೆ.

ಇವುಗಳಲ್ಲಿ ನಂಜುರೋಗಗಳ ರೀತಿಯೇ ಬೇರೆ. ಎಲೆ ಸುರುಳಿ ನಂಜು, ತೀವ್ರ ಮೊಸಾಯಿಕ್, ಸೌಮ್ಯ ಮೊಸಾಯಿಕ್ ಎಂದು ಇವು ಹಲವು. ಎಲೆ ಸುರುಳಿ ತಗುಲಿದ ಗಿಡದ ಕೆಳಗಿನ ಎಲೆಗಳು ದೋಣಿಯಂತೆ ಮೇಲಕ್ಕೆ ಸುತ್ತಿಕೊಂಡು ಗಡಸಾಗುತ್ತವೆ. ಮುಟ್ಟಿದರೆ ಕಾಗದದಂತೆ ಸದ್ದು ಮಾಡುತ್ತವೆ. ಮೊಸಾಯಿಕ್ ತಗುಲಿದರೆ ಎಲೆಯಲ್ಲಿ ತಿಳಿ ಹಸಿರು, ಕಡು ಹಸಿರು ಮಚ್ಚೆಗಳು ಬಂದು ಎಲೆ ಸುಕ್ಕಾಗುತ್ತದೆ. ಎಲೆ ಸುರುಳಿಯನ್ನೂ ತೀವ್ರ ಮೊಸಾಯಿಕನ್ನೂ ಗಿಡದಿಂದ ಗಿಡಕ್ಕೆ ಒಯ್ಯುವುದು ಸಸ್ಯಹೇನು. ಇನ್ನು ಕೆಲವು ನಂಜುಗಳು ಗಿಡಕ್ಕೆ ಗಿಡ ತಾಗಿದರೆ, ಬಟ್ಟೆ ಅಥವಾ ಹತ್ಯಾರು ತಾಗಿದರೆ ಸಾಕು, ಹರಡುತ್ತವೆ. ಎಲೆಯ ಮೇಲೆ ಇಷ್ಟೆಲ್ಲ ಗುರುತು ತೋರಿಸುವ ಈ ನಂಜುಗಳು ಗೆಡ್ಡೆಯ ಮೇಲೆ ಸಾಮಾನ್ಯವಾಗಿ ಏನನ್ನೂ ತೋರಿಸುವುದಿಲ್ಲ. ನಂಜಿರುವ ಗೆಡ್ಡೆಯೂ ನಂಜಿಲ್ಲದ ಗೆಡ್ಡೆಯೂ ಅಂಗೈಯಲ್ಲಿ ಒಂದೇ ಸಮ. ನಂಜು ತಗುಲಿದ ಗಿಡವನ್ನು ಗುಣಪಡಿಸುವ ಔಷಧಿಯೂ ಇಲ್ಲ.

ಸಣ್ಣ ಗೆಡ್ಡೆಯ ಮೋಸ

ನಮ್ಮ ರೈತರಲ್ಲಿ ಒಂದು ಅಭ್ಯಾಸವಿದೆ. ಬೆಳೆ ಕಿತ್ತಾಗ ದಪ್ಪ ಗೆಡ್ಡೆಗಳನ್ನೆಲ್ಲ ಮಾರುಕಟ್ಟೆಗೆ ಕಳುಹಿಸಿ, ಸಣ್ಣವನ್ನು ಬೀಜಕ್ಕೆಂದು ಇಟ್ಟುಕೊಳ್ಳುವುದು. ಹಣದ ದೃಷ್ಟಿಯಿಂದ ಇದು ಸರಿಯಾಗಿ ಕಾಣುತ್ತದೆ. ಆದರೆ ಸ್ವಲ್ಪ ಯೋಚಿಸಿ. ಹೊಲದಲ್ಲಿ ಸಣ್ಣ ಗೆಡ್ಡೆ ಕೊಡುವ ಗಿಡ ಯಾವುದು? ಆರೋಗ್ಯವಂತ ಗಿಡದಲ್ಲೂ ಕೆಲವು ಸಣ್ಣ ಗೆಡ್ಡೆಗಳಿರುತ್ತವೆ, ನಿಜ. ಆದರೆ ನಂಜು ತಗುಲಿದ ಗಿಡದಲ್ಲಿ ಬಹುಪಾಲು ಗೆಡ್ಡೆಗಳು ಸಣ್ಣವೇ. ಅಂದರೆ ಸಣ್ಣ ಗೆಡ್ಡೆಗಳ ರಾಶಿಯಲ್ಲಿ ರೋಗದ ಗಿಡಗಳ ಪಾಲು ಹೊಲದಲ್ಲಿದ್ದುದಕ್ಕಿಂತ ಹೆಚ್ಚಾಗಿರುತ್ತದೆ. ಬೀಜ ಆರಿಸುತ್ತಿದ್ದೇವೆ ಎಂದುಕೊಂಡು ನಾವು ರೋಗವನ್ನೇ ಆರಿಸಿಡುತ್ತೇವೆ.

ಲೆಕ್ಕ ತಿಳಿಯಲು ಒಂದು ಉದಾಹರಣೆ ನೋಡೋಣ. ನೂರು ಗಿಡಗಳಲ್ಲಿ ಮೂರಕ್ಕೆ ನಂಜು ಇದೆ ಎಂದಿಟ್ಟುಕೊಳ್ಳಿ. ಪ್ರತಿಯೊಂದು ರೋಗದ ಗಿಡದಿಂದ ಸಸ್ಯಹೇನುಗಳು ಪಕ್ಕದ ಎರಡು ಗಿಡಗಳಿಗೆ ನಂಜನ್ನು ಒಯ್ದರೆ, ಮುಂದಿನ ಬೆಳೆಗೆ ಇಟ್ಟ ಬೀಜದಲ್ಲಿ ನೂರಕ್ಕೆ ಒಂಬತ್ತು. ಅದರ ಮುಂದಿನ ಬೆಳೆಗೆ ಇಪ್ಪತ್ತೇಳು. ಆಮೇಲೆ ಎಂಬತ್ತೊಂದು. ಹೊಲದಲ್ಲಿ ಇದು ಇಷ್ಟು ನೇರವಾಗಿ ನಡೆಯುವುದಿಲ್ಲ; ಹೇನಿನ ಸಂಖ್ಯೆ, ಹವೆ, ತಳಿ ಇವುಗಳ ಮೇಲೆ ಹೆಚ್ಚು ಕಡಿಮೆಯಾಗುತ್ತದೆ. ಆದರೆ ರೋಗ ಬೆಳೆಯುವ ದಾರಿ ಇದೇ. ‘ಮೊದಲ ವರ್ಷ ಚೆನ್ನಾಗಿ ಬಂತು, ಮೂರನೆಯ ವರ್ಷಕ್ಕೆ ಗಿಡ ಗಿಡ್ಡಾಯಿತು, ಗೆಡ್ಡೆ ಗೋಲಿಯಾಯಿತು’ ಎಂದು ರೈತರು ಹೇಳುವುದುಂಟು. ಅಲ್ಲಿ ತಳಿ ಕೆಟ್ಟಿರುವುದಿಲ್ಲ, ಭೂಮಿ ಸತ್ತಿರುವುದಿಲ್ಲ. ಬೀಜದೊಳಗೆ ನಂಜು ತುಂಬಿಕೊಂಡಿರುತ್ತದೆ.

ಹಾಗಾದರೆ ಪಂಜಾಬಿನಿಂದ ಬರುವ ಒಳ್ಳೆಯ ಬೀಜವೂ ಸಣ್ಣದೇ ಆಗಿರುತ್ತದಲ್ಲ ಎಂದು ನೀವು ಕೇಳಬಹುದು. ಹೌದು. ಆದರೆ ಅದು ಸಣ್ಣದಾಗಲು ಕಾರಣ ಬೇರೆ. ಅದನ್ನು ತಿಳಿಯಲು ಬೀಜೋತ್ಪಾದನೆಯ ಕ್ರಮವನ್ನು ಸ್ವಲ್ಪ ನೋಡಬೇಕು.

ಬಯಲು ಸೀಮೆಯಲ್ಲಿ ಬೀಜ ಬೆಳೆಯುವ ಕ್ರಮ

ಹಿಂದೆ ಆರೋಗ್ಯವಂತ ಬಿತ್ತನೆ ಗೆಡ್ಡೆ ಬೇಕೆಂದರೆ ಹಿಮಾಲಯದ ಎತ್ತರದ ಬೆಟ್ಟಗಳಿಂದಲೇ ತರಬೇಕಿತ್ತು. ಅಲ್ಲಿನ ಚಳಿಯಲ್ಲಿ ಸಸ್ಯಹೇನು ಕಡಿಮೆ. 1949ರಲ್ಲಿ ಪಟ್ನಾದಲ್ಲಿ ಪ್ರಾರಂಭವಾಗಿ 1956ರಲ್ಲಿ ಶಿಮ್ಲಾಕ್ಕೆ ಬದಲಾದ ಕೇಂದ್ರ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯಲ್ಲಿ ಡಾ. ಪುಷ್ಕರನಾಥ್ ಮತ್ತು ಅವರ ಸಂಗಡಿಗರು ಉತ್ತರದ ಬಯಲಿನಲ್ಲೂ ಹೇನು ಇಲ್ಲದ ಕಾಲವೊಂದು ಇದೆ ಎಂಬುದನ್ನು ಬಳಸಿಕೊಂಡು ಹೊಸ ಕ್ರಮವನ್ನು ರೂಪಿಸಿದರು. ಇದಕ್ಕೆ ಬೀಜದ ತಾಕು ಪದ್ಧತಿ ಎನ್ನಬಹುದು.

ಇದರ ತಿರುಳು ಸರಳವಾದದ್ದು. ಪಂಜಾಬ್, ಪಶ್ಚಿಮ ಉತ್ತರ ಪ್ರದೇಶ ಮುಂತಾದ ಕಡೆ ಅಕ್ಟೋಬರ್ ತಿಂಗಳಿನಲ್ಲಿ ಆರೋಗ್ಯವಂತ ಗೆಡ್ಡೆ ನೆಡುತ್ತಾರೆ. ಆಗಿನಿಂದ ಡಿಸೆಂಬರ್ ಕೊನೆಯವರೆಗೆ ಹೇನಿನ ಸಂಖ್ಯೆ ಬಹಳ ಕಡಿಮೆ. ರೋಗದ ಗಿಡ ಕಂಡಂತೆಲ್ಲ ಗೆಡ್ಡೆ ಸಹಿತ ಕಿತ್ತು ಹಾಕುತ್ತಾರೆ. ನೂರು ಸಂಯುಕ್ತ ಎಲೆಗಳ ಮೇಲೆ ಹೇನು 20ನ್ನು ಮುಟ್ಟುವ ಮುಂಚೆಯೇ, ಗಿಡ ಇನ್ನೂ ಹಸಿರಾಗಿರುವಾಗಲೇ, ಬಳ್ಳಿಯನ್ನೆಲ್ಲ ಕತ್ತರಿಸಿಬಿಡುತ್ತಾರೆ. ಎಲೆಯೇ ಇಲ್ಲದ ಮೇಲೆ ಹೇನು ಬಂದು ಕೂರುವುದೆಲ್ಲಿ? ನಂಜು ಗೆಡ್ಡೆಗೆ ಇಳಿಯುವುದು ಹೇಗೆ? ಸಿಪ್ಪೆ ಬಲಿಯಲೆಂದು ಗೆಡ್ಡೆಯನ್ನು ಎರಡು ಮೂರು ವಾರ ಮಣ್ಣಿನಲ್ಲೇ ಬಿಟ್ಟು, ಅನಂತರ ಕಿತ್ತು, ಆರಿಸಿ, ಶೈತ್ಯಾಗಾರದಲ್ಲಿ 2ರಿಂದ 4 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಇಡುತ್ತಾರೆ. ಅದೇ ಗೆಡ್ಡೆ ಏಪ್ರಿಲ್, ಮೇ ತಿಂಗಳಿನಲ್ಲಿ ಲಾರಿ ಏರಿ ನಮ್ಮಲ್ಲಿಗೆ ಬರುತ್ತದೆ.

ಬಳ್ಳಿಯನ್ನು ಎಳೆಯದಿರುವಾಗಲೇ ಕತ್ತರಿಸಿದ್ದರಿಂದ ಆ ಗೆಡ್ಡೆ ಸಣ್ಣದು. ರೋಗದಿಂದ ಸಣ್ಣದಾದದ್ದಲ್ಲ. ಈಗ ಒಂದು ಕೈಯಲ್ಲಿ ಬೀಜಕ್ಕೆಂದೇ ಬೆಳೆದ ಕೋಳಿಮೊಟ್ಟೆ ಗಾತ್ರದ ಗೆಡ್ಡೆ, ಇನ್ನೊಂದು ಕೈಯಲ್ಲಿ ಊಟಕ್ಕೆ ಬೆಳೆದು, ದಪ್ಪವನ್ನೆಲ್ಲ ಮಾರಿ, ಉಳಿದ ಸಣ್ಣದನ್ನು ತುಂಬಿದ ಗೆಡ್ಡೆ ಇಟ್ಟುಕೊಂಡರೆ, ಎಂಥ ಅನುಭವಸ್ಥರಿಗೂ ವ್ಯತ್ಯಾಸ ತಿಳಿಯದು. ನಿಮ್ಮ ಹೊಲದಲ್ಲಿ ನೆಟ್ಟು ನಲವತ್ತು ದಿನವಾದ ಮೇಲೆ ಮಾತ್ರ ತಿಳಿಯುತ್ತದೆ. ಆಗ ತಿಳಿದು ಪ್ರಯೋಜನವಿಲ್ಲ. ಪ್ರಮಾಣಿತ ಬೀಜದ ಚೀಟಿಗೆ ಬೆಲೆ ಬರುವುದು ಇಲ್ಲಿಯೇ.

ಪ್ರಮಾಣನ ಎಂದರೆ ಏನನ್ನು ನೋಡುತ್ತಾರೆ?

ನಮ್ಮ ದೇಶದಲ್ಲಿ 1966ರ ಬೀಜ ಅಧಿನಿಯಮದ ಅಡಿಯಲ್ಲಿ ಬೀಜ ಪ್ರಮಾಣನದ ಕನಿಷ್ಠ ಮಟ್ಟಗಳನ್ನು ಗೊತ್ತುಪಡಿಸಲಾಗಿದೆ. ತಳಿವರ್ಧಕ ಬೀಜ, ಅದರಿಂದ ಮೂಲ ಬೀಜ, ಅದರಿಂದ ಪ್ರಮಾಣಿತ ಬೀಜ ಎಂದು ಮೂರು ಮೆಟ್ಟಿಲುಗಳಿವೆ. ಇವುಗಳ ಚೀಟಿಯ ಬಣ್ಣ ಕ್ರಮವಾಗಿ ಹಳದಿ, ಬಿಳಿ ಮತ್ತು ನೀಲಿ. ರೈತರು ಸಾಮಾನ್ಯವಾಗಿ ಕೊಳ್ಳಬೇಕಾದದ್ದು ನೀಲಿ ಚೀಟಿಯ ಬೀಜ. ಹಸಿರು ಚೀಟಿಯದು ನಿಜಚೀಟಿ ಬೀಜ. ಅದರ ಗುಣಕ್ಕೆ ಉತ್ಪಾದಕರು ತಾವೇ ಹೊಣೆ ಹೊರುತ್ತಾರೆ. ಪ್ರಮಾಣನ ಸಂಸ್ಥೆಯವರು ಆ ಹೊಲವನ್ನು ನೋಡಿರುವುದಿಲ್ಲ. ಈ ವ್ಯತ್ಯಾಸ ನಿಮಗೆ ತಿಳಿದಿರಬೇಕು.

ನೀಲಿ ಚೀಟಿ ಸಿಗಬೇಕಾದರೆ ಬೀಜದ ಬೆಳೆಯನ್ನು ಕಡಿಮೆಯೆಂದರೆ ನಾಲ್ಕು ಬಾರಿ ತಪಾಸಣೆ ಮಾಡಬೇಕು. ಬಯಲು ಪ್ರದೇಶದಲ್ಲಿ ಮೊದಲನೆಯದು ನೆಟ್ಟ ಸುಮಾರು 35 ದಿನಕ್ಕೆ. ಆಗ ಬೇರೆ ತಳಿಯ ಗಿಡಗಳನ್ನೂ ನಂಜುರೋಗವನ್ನೂ ನೋಡುತ್ತಾರೆ. ಎರಡನೆಯದು ತಳಿಗೆ ತಕ್ಕಂತೆ 60ರಿಂದ 75 ದಿನಗಳಲ್ಲಿ. ಮೂರನೆಯದು ಬಳ್ಳಿ ಕತ್ತರಿಸಿದ ಕೂಡಲೇ, ಗೊತ್ತಾದ ದಿನಾಂಕದೊಳಗೆ ಸರಿಯಾಗಿ ಕತ್ತರಿಸಿದ್ದಾರೆಯೇ ಎಂದು ತಿಳಿಯಲು. ನಾಲ್ಕನೆಯದು ಅದಾಗಿ ಸುಮಾರು 10 ದಿನಕ್ಕೆ, ಕತ್ತರಿಸಿದ ಬುಡ ಮತ್ತೆ ಚಿಗುರಿದೆಯೇ ಎಂದು ನೋಡಲು. ಚಿಗುರಿದ ಎಳೆ ಎಲೆಗೆ ಹೇನು ಮುತ್ತಿದರೆ ಅಲ್ಲಿಯವರೆಗೆ ಮಾಡಿದ ಕೆಲಸವೆಲ್ಲ ವ್ಯರ್ಥ.

ಪ್ರಮಾಣಿತ ಬೀಜದ ಹೊಲದಲ್ಲಿ ಬೇರೆ ತಳಿಯ ಗಿಡಗಳು ನೂರಕ್ಕೆ 0.1ನ್ನು, ಅಂದರೆ ಸಾವಿರಕ್ಕೆ ಒಂದನ್ನು ಮೀರಬಾರದು. ಎಲ್ಲ ಬಗೆಯ ನಂಜು ಸೇರಿ ನೂರಕ್ಕೆ 3ನ್ನು ಮೀರಬಾರದು. ಅದರಲ್ಲಿ ತೀವ್ರ ಮೊಸಾಯಿಕ್, ಎಲೆ ಸುರುಳಿಯಂಥವು ನೂರಕ್ಕೆ 1ನ್ನು ಮೀರಬಾರದು. ಬಳ್ಳಿ ಕತ್ತರಿಸಿದ ಮೇಲೆ ಮತ್ತೆ ಚಿಗುರಿದ ಗಿಡಗಳು ನೂರಕ್ಕೆ 0.5ರ ಒಳಗಿರಬೇಕು. ಬುಡ್ಡೆ ರೋಗವೆಂದು ಹೇಳುವ ಗೆಡ್ಡೆಯ ಗಂಟು ರೋಗ ಅಥವಾ ಕೋಶ ಕಟ್ಟುವ ಜಂತುಹುಳು ಇರುವ ಭೂಮಿಯಲ್ಲಿ ಬೀಜದ ಬೆಳೆ ತೆಗೆಯುವಂತೆಯೇ ಇಲ್ಲ.

ಈ ಕೊನೆಯ ಮಾತು ಕಾಗದದ ಮೇಲಿನ ನಿಯಮ ಮಾತ್ರವಲ್ಲ. ಕೋಶ ಕಟ್ಟುವ ಜಂತುಹುಳು 1961ರಲ್ಲಿ ನೀಲಗಿರಿಯಲ್ಲಿ ಕಂಡುಬಂತು. ಅದರ ಕೋಶಗಳು ಆಸರೆ ಬೆಳೆ ಇಲ್ಲದೆಯೂ ಅನೇಕ ವರ್ಷ ಮಣ್ಣಿನಲ್ಲಿ ಜೀವಂತವಾಗಿರುತ್ತವೆ. ಗೆಡ್ಡೆಗೆ ಅಂಟಿದ ಮಣ್ಣಿನಲ್ಲೇ ಊರಿಂದ ಊರಿಗೆ ಹೋಗುತ್ತವೆ. ಇದೇ ಹುಳು ಹಿಮಾಲಯದ ತಪ್ಪಲಿನಲ್ಲೂ ಕಂಡುಬಂದದ್ದರಿಂದ 2018ರಲ್ಲಿ ಕೇಂದ್ರ ಸರ್ಕಾರವು ಹಿಮಾಚಲ ಪ್ರದೇಶ, ಉತ್ತರಾಖಂಡ ಮತ್ತು ಜಮ್ಮು ಕಾಶ್ಮೀರಗಳಿಂದ ಬಿತ್ತನೆ ಗೆಡ್ಡೆ ಹೊರಗೆ ಹೋಗುವುದನ್ನು ನಿರ್ಬಂಧಿಸಿತು. ಬೀಜದ ತವರು ಎನಿಸಿದ್ದ ಬೆಟ್ಟಗಳಿಗೇ ಈ ಗತಿ ಬಂದ ಮೇಲೆ, ಊಟಿ ಕಡೆಯ ಗೆಡ್ಡೆ ಸುಲಭ ದರಕ್ಕೆ ಸಿಕ್ಕಿತೆಂದು ನಮ್ಮ ಹೊಲಕ್ಕೆ ಬೀಜವಾಗಿ ತರುವುದು ಎಷ್ಟು ಅಪಾಯವೆಂದು ನೀವೇ ಯೋಚಿಸಬಹುದು.

ಗೆಡ್ಡೆಯ ಮೇಲೆ ಕಾಣುವ ಮಟ್ಟಗಳು

ಇನ್ನು ನೀವೇ ಪರೀಕ್ಷಿಸಬಹುದಾದ ಅಂಶಗಳಿಗೆ ಬರೋಣ. ಬಯಲು ಪ್ರದೇಶದ ಬಿತ್ತನೆ ಗೆಡ್ಡೆಗಳಿಗೆ ಗೊತ್ತುಪಡಿಸಿದ ಮಿತಿಗಳು ಹೀಗಿವೆ:

1. ಗಾತ್ರ 30ರಿಂದ 55 ಮಿಲಿಮೀಟರ್, ಇಲ್ಲವೇ ತೂಕ 25ರಿಂದ 125 ಗ್ರಾಂ. ಈ ಅಳತೆಗೆ ಹೊಂದದ ಗೆಡ್ಡೆಗಳು ನೂರಕ್ಕೆ 5ನ್ನು ಮೀರಬಾರದು.

2. ಕತ್ತರಿಸಿದ, ಜಜ್ಜಿದ, ಬಿರುಕು ಬಿಟ್ಟ, ಹುಳು ಕೊರೆದ ಗೆಡ್ಡೆಗಳು ತೂಕದಲ್ಲಿ ನೂರಕ್ಕೆ 1ನ್ನು ಮೀರಬಾರದು.

3. ಅಂಗಮಾರಿ, ಒಣ ಕೊಳೆ ಅಥವಾ ಇದ್ದಿಲು ಕೊಳೆ ಕಾಣುವ ಗೆಡ್ಡೆಗಳು ನೂರಕ್ಕೆ 1ನ್ನು ಮೀರಬಾರದು.

4. ಮೆತು ಕೊಳೆ ಬಂದ ಗೆಡ್ಡೆ ಒಂದೂ ಇರಬಾರದು.

5. ಕಜ್ಜಿ ರೋಗದ ಗೆಡ್ಡೆಗಳು ನೂರಕ್ಕೆ 3ನ್ನು ಮೀರಬಾರದು.

6. ಕಪ್ಪು ಹೊಪ್ಪಳೆ ರೋಗದವು ನೂರಕ್ಕೆ 5ನ್ನು ಮೀರಬಾರದು. ಸಿಪ್ಪೆಯ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ ಹೊಪ್ಪಳೆ ಇದ್ದರೆ ಆ ಗೆಡ್ಡೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

7. ಎಲ್ಲ ರೋಗಗಳೂ ಸೇರಿ ನೂರಕ್ಕೆ 5ನ್ನು ಮೀರಬಾರದು.

ಬೆಳಕಿಗೆ ಹಸಿರಾದ ಗೆಡ್ಡೆಯನ್ನು ಕಂಡು ಕೆಲವರು ಮೂಟೆಯನ್ನೇ ಬೇಡವೆನ್ನುತ್ತಾರೆ. ಹಸಿರಾದ ಗೆಡ್ಡೆ ತಿನ್ನಲು ಯೋಗ್ಯವಲ್ಲ. ಬಿತ್ತನೆಗೆ ಅದು ದೋಷವಲ್ಲ.

ನೂರು ಗೆಡ್ಡೆ ಎಣಿಸಿ ನೋಡಿ

ಮೂಟೆಯ ಮೇಲ್ಭಾಗ ನೋಡಿ ತೀರ್ಮಾನಿಸಬೇಡಿ. ಇಪ್ಪತ್ತು ಮೂಟೆ ಕೊಳ್ಳುವುದಾದರೆ ಐದು ಮೂಟೆಗಳನ್ನು ನೀವೇ ಆರಿಸಿ ನೆಲಕ್ಕೆ ಸುರಿಸಿ. ಪ್ರತಿ ರಾಶಿಯ ಮೇಲೆ, ನಡುವೆ, ತಳದಿಂದ ಕಣ್ಣುಮುಚ್ಚಿ ತೆಗೆದಂತೆ 20 ಗೆಡ್ಡೆ ತೆಗೆಯಿರಿ. ಒಟ್ಟು ನೂರಾಯಿತು. ಒಂದು ಬಕೆಟ್ ನೀರಿನಲ್ಲಿ ಅವನ್ನು ತೊಳೆದು ಗೋಣಿ ತಟ್ಟಿನ ಮೇಲೆ ಹರಡಿ. ಮಣ್ಣು ಹೋದ ಮೇಲೆ ಮರೆಯಾಗಿದ್ದುದೆಲ್ಲ ಕಾಣುತ್ತದೆ.

ತೊಳೆದರೂ ಹೋಗದ ಕಪ್ಪು ಮಣ್ಣಿನಂಥ ಚುಕ್ಕೆ, ಉಗುರಿನಿಂದ ಕೆರೆದರೆ ಏಳುವಂತಿದ್ದರೆ ಅದು ಕಪ್ಪು ಹೊಪ್ಪಳೆ. ಒರಟಾಗಿ, ಬಿರಟೆಯಂತೆ ಗಡಸಾಗಿ ಕುಳಿಬಿದ್ದಿದ್ದರೆ ಕಜ್ಜಿ. ಸಿಪ್ಪೆ ಬಳೆಬಳೆಯಾಗಿ ಸುಕ್ಕುಗಟ್ಟಿ ಮೇಲೆ ಬಿಳಿ ಅಥವಾ ನಸುಗೆಂಪು ಬೂಷ್ಟು ಇದ್ದರೆ ಒಣ ಕೊಳೆ. ಕಂದು ನೇರಳೆ ಬಣ್ಣದ ತಗ್ಗಾದ ಮಚ್ಚೆಯಿದ್ದು, ಸಿಪ್ಪೆ ಹೆರೆದರೆ ಒಳಗೆ ಇಟ್ಟಿಗೆ ಬಣ್ಣದ ಕೊಳೆ ಕಂಡರೆ ಅಂಗಮಾರಿ. ಲೋಳೆಯಾಗಿ ದುರ್ವಾಸನೆ ಬಂದರೆ ಮೆತು ಕೊಳೆ. ಕಣ್ಣಿನ ಬಳಿ ಹಿಕ್ಕೆಯ ಪುಡಿ ಹೊರಬಿದ್ದಿದ್ದರೆ ಗೆಡ್ಡೆ ಪತಂಗದ ಹುಳು ಒಳಗಿದೆ. ಒಂದೊಂದನ್ನೂ ಬೇರೆ ಗುಂಪು ಮಾಡಿ ಎಣಿಸಿ, ಮೇಲಿನ ಮಿತಿಗಳಿಗೆ ಹೋಲಿಸಿ. ಮಿತಿಯ ಅಂಚಿನಲ್ಲಿದ್ದರೆ ಇನ್ನೂ ನೂರು ಗೆಡ್ಡೆ ತೆಗೆದು ಮತ್ತೊಮ್ಮೆ ಎಣಿಸಿ. ಅರ್ಧ ಗಂಟೆಯ ಕೆಲಸ ಇದು.

ಆ ನೂರರಲ್ಲಿ ಹತ್ತು ಗೆಡ್ಡೆಗಳನ್ನು ಅಡ್ಡಲಾಗಿ ಕೊಯ್ದು ನೋಡಿ. ಸಿಪ್ಪೆಯ ಒಳಗೆ ಸುತ್ತಲೂ ಕಂದು ಬಣ್ಣದ ಉಂಗುರ ಕಂಡು, ಅದುಮಿದಾಗ ಬೆಳ್ಳನೆಯ ಕೀವಿನಂಥ ಹನಿ ಒಸರಿದರೆ, ಅದು ದುಂಡಾಣು ಸೊರಗು ರೋಗ. ಆ ಮೂಟೆಗಳನ್ನು ಯಾವ ದರಕ್ಕೂ ಕೊಳ್ಳಬೇಡಿ. ಈ ದುಂಡಾಣು ಒಮ್ಮೆ ಹೊಲ ಸೇರಿದರೆ ಮಣ್ಣಿನಲ್ಲೇ ಉಳಿದು ಟೊಮೇಟೊ, ಬದನೆ, ಮೆಣಸಿನಕಾಯಿ, ಹೊಗೆಸೊಪ್ಪುಗಳನ್ನೂ ಕಾಡುತ್ತದೆ. ಅರಕಲಗೂಡಿನ ಕಡೆ ಹೊಗೆಸೊಪ್ಪಿನ ಜೊತೆಗೆ ಆಲೂಗೆಡ್ಡೆ ಬೆಳೆಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಗೆಡ್ಡೆಯ ನಟ್ಟನಡುವೆ ಮಾತ್ರ ಕಪ್ಪಾಗಿದ್ದು, ವಾಸನೆಯಿಲ್ಲದಿದ್ದರೆ, ಅದು ರೋಗವಲ್ಲ. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿಯಲ್ಲಿ ಟಾರ್ಪಾಲು ಹೊದಿಸಿದ ಲಾರಿಯ ಸೆಕೆಗೆ ಗಾಳಿಯಾಡದೆ ಗೆಡ್ಡೆಯ ಹೃದಯ ಬೆಂದಿರುವುದರ ಗುರುತು. ಅಂಥದ್ದು ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ.

ಕೇಳಬೇಕಾದ ಪ್ರಶ್ನೆಗಳು

ಚೀಟಿ ಇಲ್ಲದ ಮೂಟೆಗಳೂ ಮಾರುಕಟ್ಟೆಗೆ ಬರುತ್ತವೆ. ಅನೇಕರು ಅದನ್ನೇ ಕೊಳ್ಳಬೇಕಾದ ಪರಿಸ್ಥಿತಿಯೂ ಇದೆ. ಆಗಲೂ ಕೇಳುವುದನ್ನು ಬಿಡಬೇಡಿ. ಇದು ಬೀಜಕ್ಕೆಂದು ಬೆಳೆದದ್ದೇ, ಊಟಕ್ಕೆ ಬೆಳೆದದ್ದೇ? ಬಳ್ಳಿ ಕತ್ತರಿಸಿದ್ದು ಯಾವಾಗ? ಎಷ್ಟು ತಲೆಮಾರಿನಿಂದ ಇದೇ ಬೀಜ ಬಳಸುತ್ತಿದ್ದಾರೆ? ಶೈತ್ಯಾಗಾರದಿಂದ ಹೊರತೆಗೆದದ್ದು ಎಂದು? ಮಾರುವವರಿಗೆ ಇವುಗಳ ಉತ್ತರ ಗೊತ್ತಿಲ್ಲದಿದ್ದರೆ, ಆ ಮೂಟೆಯ ಕಾಣದ ಗುಣದ ಹೊಣೆ ಯಾರೂ ಹೊತ್ತಿಲ್ಲ ಎಂದು ತಿಳಿಯಿರಿ. ದರವನ್ನು ಆ ದೃಷ್ಟಿಯಿಂದ ತೂಗಿ ನೋಡಿ.

ಒಬ್ಬೊಬ್ಬರೇ ಹೋದರೆ ಇಷ್ಟೆಲ್ಲ ಕೇಳುವುದು ಕಷ್ಟ. ಹತ್ತು ಹದಿನೈದು ಮಂದಿ ಸೇರಿ, ಮಳೆಗೆ ತಿಂಗಳು ಮೊದಲೇ, ಒಂದು ಲಾರಿ ಬೀಜವನ್ನು ಒಟ್ಟಿಗೆ ಗೊತ್ತುಮಾಡಿಕೊಂಡರೆ ಚೀಟಿ ಕೇಳುವ ಬಲವೂ ಬರುತ್ತದೆ, ಎಣಿಸಲು ಬಿಡುವೂ ಸಿಗುತ್ತದೆ.

ಮನೆಗೆ ತಂದ ಮೇಲೆ

ಶೈತ್ಯಾಗಾರದಿಂದ ಬಂದ ಗೆಡ್ಡೆಯನ್ನು ಮೂಟೆಯಲ್ಲೇ ಬಿಡಬೇಡಿ. ಗಾಳಿಯಾಡುವ ನೆರಳಿನಲ್ಲಿ, ಮಂದ ಬೆಳಕು ಬೀಳುವಂತೆ, ತೆಳುವಾಗಿ ಹರಡಿ. ಹತ್ತು ಹದಿನೈದು ದಿನಗಳಲ್ಲಿ ಗಿಡ್ಡಗೆ, ದಪ್ಪಗೆ, ಹಸಿರಾದ ಮೊಳಕೆ ಬರಬೇಕು. ಮೊಳಕೆಯೇ ಬಾರದ, ಅಥವಾ ನೂಲಿನಂಥ ಸಣಕಲು ಮೊಳಕೆ ಬಂದ ಗೆಡ್ಡೆಗಳನ್ನು ತೆಗೆದುಹಾಕಿ. ಕೊಳೆತದ್ದನ್ನು ಎರಡು ದಿನಕ್ಕೊಮ್ಮೆ ಆರಿಸಿ.

ಹೋಳು ಮಾಡಿ ನೆಡುವುದು ನಮ್ಮಲ್ಲಿ ರೂಢಿ. ಅದರ ಲಾಭ ನಷ್ಟ ಲೆಕ್ಕ ಹಾಕಿ ನೋಡೋಣ. ಸಾಲಿನಿಂದ ಸಾಲಿಗೆ 60, ಗುಣಿಯಿಂದ ಗುಣಿಗೆ 25 ಸೆಂಟಿಮೀಟರ್ ಅಂತರ ಕೊಟ್ಟರೆ ಎಕರೆಗೆ ಸುಮಾರು 27,000 ಗುಣಿಗಳು. 40 ಗ್ರಾಂನ ಇಡೀ ಗೆಡ್ಡೆ ನೆಟ್ಟರೆ 10.8 ಕ್ವಿಂಟಾಲ್, ಅಂದರೆ 50 ಕಿಲೋ ಮೂಟೆ ಸುಮಾರು 22 ಬೇಕು. 30 ಗ್ರಾಂನ ಹೋಳಾದರೆ 8.1 ಕ್ವಿಂಟಾಲ್, ಸುಮಾರು 16 ಮೂಟೆ. ಉಳಿತಾಯ ಐದಾರು ಮೂಟೆ ಬೀಜ. ಆದರೆ ನೆಟ್ಟ ಮೇಲೆ ಮಳೆ ಹಿಡಿದು, ಭೂಮಿ ಬಿಸಿಯಾಗಿಯೂ ತೇವವಾಗಿಯೂ ಇದ್ದು, ಹತ್ತರಲ್ಲಿ ಒಂದು ಹೋಳು ಕೊಳೆತರೆ 2,700 ಗುಣಿ ಖಾಲಿ. ಗುಣಿಗೆ ಕಾಲು ಕಿಲೋ ಬೆಳೆ ಎಂದರೂ ಹದಿಮೂರು ಮೂಟೆಗೂ ಹೆಚ್ಚು ಹೋಯಿತು. ಬೀಜದ ದರ ಹೆಚ್ಚಿದ್ದರೂ ಉಳಿತಾಯದ ಬಹುಪಾಲು ಅಲ್ಲಿಗೇ ಕರಗುತ್ತದೆ. ಹತ್ತರಲ್ಲಿ ಎರಡು ಕೊಳೆತರೆ ಅದು ನಷ್ಟದ ಬಾಬ್ತು.

ಆದ್ದರಿಂದ ಮೊಟ್ಟೆ ಗಾತ್ರದ ಗೆಡ್ಡೆಗಳನ್ನು ಇಡಿಯಾಗಿಯೇ ನೆಡಿ. ದಪ್ಪ ಗೆಡ್ಡೆಗಳನ್ನು ಮಾತ್ರ ಹೋಳು ಮಾಡಿ. ತುದಿಯಿಂದ ಬುಡಕ್ಕೆ ಉದ್ದವಾಗಿ ಕೊಯ್ದರೆ ತುದಿಯ ಚುರುಕಾದ ಕಣ್ಣುಗಳು ಎಲ್ಲ ಹೋಳಿಗೂ ಹಂಚಿಕೆಯಾಗುತ್ತವೆ. ಪ್ರತಿ ಹೋಳಿಗೆ ಎರಡು ಕಣ್ಣಾದರೂ ಇರಬೇಕು, ತೂಕ 30 ಗ್ರಾಂಗೆ ಕಡಿಮೆಯಿರಬಾರದು. ಎರಡು ಕುಡುಗೋಲು ಅಥವಾ ಚಾಕು ಇಟ್ಟುಕೊಂಡು, ಒಂದನ್ನು ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣದಲ್ಲಿ ಅದ್ದಿಟ್ಟು ಇನ್ನೊಂದನ್ನು ಬಳಸಿ. ಗೆಡ್ಡೆಯಿಂದ ಗೆಡ್ಡೆಗೆ ಬದಲಾಯಿಸಿ. ಒಂದು ರೋಗದ ಗೆಡ್ಡೆ ಕೊಯ್ದ ಚಾಕು ಮುಂದಿನ ಹಲವು ಗೆಡ್ಡೆಗಳಿಗೆ ದುಂಡಾಣುವನ್ನು ಹಚ್ಚುತ್ತದೆ. ಹೋಳುಗಳನ್ನು ಲೀಟರ್ ನೀರಿಗೆ 3 ಗ್ರಾಂ ಮ್ಯಾಂಕೊಜೆಬ್ ಬೆರೆಸಿದ ದ್ರಾವಣದಲ್ಲಿ ಹತ್ತು ನಿಮಿಷ ಅದ್ದಿ, ನೆರಳಿನಲ್ಲಿ ಹರಡಿ, ಕೊಯ್ದ ಮುಖ ಒಣಗಿ ಪದರ ಕಟ್ಟಿದ ಮೇಲೆ ನೆಡಿ. ಕೈಚೀಲ ಧರಿಸಿ ಕೆಲಸ ಮಾಡಿ. ಉಪಚರಿಸಿದ ಗೆಡ್ಡೆಯನ್ನು ಅಡಿಗೆಗೂ ದನಕ್ಕೂ ಬಳಸಬಾರದು.

ಒಳ್ಳೆಯ ಬೀಜ ನೆಟ್ಟ ಮಾತ್ರಕ್ಕೆ ಅಂಗಮಾರಿ ಬರುವುದಿಲ್ಲ ಎಂದಲ್ಲ. ಮೋಡ ಕವಿದು ಜಡಿಮಳೆ ಹಿಡಿದಾಗ ಅದು ಗಾಳಿಯಲ್ಲೂ ಬರುತ್ತದೆ. 1968ರಲ್ಲಿ ಬಿಡುಗಡೆಯಾದಾಗ ಕುಫ್ರಿ ಜ್ಯೋತಿ ಅಂಗಮಾರಿಯನ್ನು ತಡೆದುಕೊಳ್ಳುತ್ತಿತ್ತು. ಆ ಶಕ್ತಿ ಈಗ ಅದಕ್ಕಿಲ್ಲ. 2006ರಲ್ಲಿ ಬಿಡುಗಡೆಯಾದ ಕುಫ್ರಿ ಹಿಮಾಲಿನಿ ಇದಕ್ಕಿಂತ ಮೇಲು. ತಳಿ ಯಾವುದಾದರೂ ಸಕಾಲದ ಸಿಂಪರಣೆಯನ್ನು ತಪ್ಪಿಸಬಾರದು.

ಸ್ವಂತ ಬೀಜ ಮಾಡಿಕೊಳ್ಳಬಹುದೇ?

ನಮ್ಮ ಹವೆಯಲ್ಲಿ ಪಂಜಾಬಿನಂತೆ ಹೇನಿಲ್ಲದ ಕಾಲವನ್ನು ನೆಚ್ಚಿಕೊಳ್ಳುವಂತಿಲ್ಲ. ಮುಂಗಾರಿನ ಗೆಡ್ಡೆಯನ್ನು ಮುಂದಿನ ಮೇ ತಿಂಗಳವರೆಗೆ ಮನೆಯಲ್ಲಿಟ್ಟರೆ ಪತಂಗ ಬಿಡುವುದಿಲ್ಲ. ಆದ್ದರಿಂದ ವರ್ಷಗಟ್ಟಲೆ ಸ್ವಂತ ಬೀಜವನ್ನೇ ಬಳಸುವುದು ಉಚಿತವಲ್ಲ. ಒಂದು ಬೆಳೆಗೆ ಇಟ್ಟುಕೊಳ್ಳಲೇಬೇಕಾದರೆ, ಕಿತ್ತ ಮೇಲೆ ಸಣ್ಣದನ್ನು ಆರಿಸುವ ಬದಲು, ಹೂ ಬರುವ ಹೊತ್ತಿಗೆ ಹೊಲದಲ್ಲಿ ತಿರುಗಿ, ಎಲೆ ಶುದ್ಧವಾಗಿರುವ, ಪುಷ್ಟಿಯಾದ ಗಿಡಗಳ ಪಕ್ಕ ಕಡ್ಡಿ ನೆಡಿ. ಎರಡು ವಾರ ಬಿಟ್ಟು ಮತ್ತೆ ನೋಡಿ, ರೋಗ ಕಂಡವುಗಳ ಕಡ್ಡಿ ಕಿತ್ತುಬಿಡಿ. ಕೊನೆಗೆ ಕಡ್ಡಿ ಉಳಿದ ಗಿಡಗಳನ್ನು ಮೊದಲು ಬೇರೆಯಾಗಿ ಅಗೆದು, ಗೆಡ್ಡೆ ಹೆಚ್ಚಾಗಿ ಚೆನ್ನಾಗಿರುವ ಬುಡಗಳಿಂದ ಮಾತ್ರ ಬೀಜ ಇಟ್ಟುಕೊಳ್ಳಿ. ಇಲ್ಲಿ ಆರಿಸುವುದು ಗೆಡ್ಡೆಯನ್ನಲ್ಲ, ಗಿಡವನ್ನು.

ಇನ್ನೊಂದು ದಾರಿಯೂ ಈಗ ತೆರೆದಿದೆ. ಅಂಗಾಂಶ ಕೃಷಿಯಿಂದ ಪಡೆದ ನಂಜಿಲ್ಲದ ಗಿಡಗಳ ಕುಡಿಯನ್ನು ಕತ್ತರಿಸಿ, ಬೇರು ಬರಿಸಿ, ಟೊಮೇಟೊ ಸಸಿಯಂತೆ ತಟ್ಟೆಗಳಲ್ಲಿ ಬೆಳೆಸುತ್ತಾರೆ. ಈ ಸಸಿಗಳನ್ನು ನೆಟ್ಟು ಮೊದಲ ತಲೆಮಾರಿನ ಶುದ್ಧ ಗೆಡ್ಡೆಗಳನ್ನು ನಮ್ಮ ಜಿಲ್ಲೆಯಲ್ಲೇ ಪಡೆಯಬಹುದು. ತೋಟಗಾರಿಕೆ ವಿಶ್ವವಿದ್ಯಾಲಯ ಮತ್ತು ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರದ ಪ್ರಯತ್ನದಿಂದ ಹಾಸನದಲ್ಲಿ ಇದು ರೈತರ ಹೊಲಕ್ಕೆ ಬಂದಿದೆ. ಹಿಂದಿನ ಮೂರು ವರ್ಷ ಆಲೂಗೆಡ್ಡೆ, ಟೊಮೇಟೊ, ಬದನೆ ಬೆಳೆಯದ, ಸೊರಗು ರೋಗ ಕಾಣದ, ರಾಗಿ ಅಥವಾ ಮುಸುಕಿನ ಜೋಳ ಬೆಳೆದ ತಾಕನ್ನೇ ಇದಕ್ಕೆ ಆರಿಸಬೇಕು. ಎರಡು ಮೂರು ತಲೆಮಾರು ಕಳೆದ ಮೇಲೆ ಮತ್ತೆ ಹೊಸ ಸಸಿಯಿಂದಲೇ ಪ್ರಾರಂಭಿಸಬೇಕು.

ಕೊನೆಯದಾಗಿ ಒಂದು ಸಲಹೆ. ಬೀಜ ಕೊಂಡ ದಿನ ರಸೀದಿ ಪಡೆಯಿರಿ. ಅದರಲ್ಲಿ ತಳಿಯ ಹೆಸರು, ತಂಡದ ಸಂಖ್ಯೆ, ‘ಬಿತ್ತನೆಗಾಗಿ’ ಎಂಬ ಮಾತು ಇರಲಿ. ಮೂಟೆಯ ಚೀಟಿಯನ್ನು ಬಿಸಾಡದೆ ಬೆಳೆ ಮುಗಿಯುವವರೆಗೆ ಇಟ್ಟುಕೊಳ್ಳಿ. ನಿಮ್ಮ ನೂರು ಗೆಡ್ಡೆಯ ಎಣಿಕೆಯನ್ನು ದಿನಾಂಕ ಹಾಕಿ ಬರೆದಿಡಿ. ಮೊಳಕೆ ಕೈಕೊಟ್ಟರೆ ತಡಮಾಡದೆ ತೋಟಗಾರಿಕೆ ಇಲಾಖೆಯವರಿಗೆ ಲಿಖಿತ ದೂರು ಕೊಟ್ಟು ಹೊಲವನ್ನು ತೋರಿಸಿ. ಬೀಜ ಕೊಳ್ಳುವ ರೈತನೂ ಗ್ರಾಹಕನೇ, ಕೆಟ್ಟ ಬೀಜಕ್ಕೆ ಗ್ರಾಹಕರ ವೇದಿಕೆಯಲ್ಲಿ ಪರಿಹಾರ ಕೇಳಬಹುದು ಎಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ತೀರ್ಪು ನೀಡಿದೆ. ಆದರೆ ಅಲ್ಲಿ ಕೇಳುವುದು ಸಾಕ್ಷ್ಯ. ರಸೀದಿ, ಚೀಟಿ, ಎಣಿಕೆಯ ಹಾಳೆ ಈ ಮೂರೂ ನಿಮ್ಮ ಕೈಯಲ್ಲಿದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಕೇಳುವ ರೈತರು ಹೆಚ್ಚಾದಷ್ಟೂ ಚೀಟಿಯಿರುವ ಮೂಟೆಗಳು ಮಾರುಕಟ್ಟೆಗೆ ಹೆಚ್ಚು ಬರುತ್ತವೆ.